ತಂಗಿಗೂ ತಿಳಿಸಿ

ಕನ್ನಡಕದ ಅಂಗಡಿಯ ಒಳಕೋಣೆ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಗಿಣಿ,

ಹೇಗಿದ್ದೀಯೇ? ಏಳನೇ ತಿಂಗಳು ನಡೆಯುತ್ತಿದೆ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ, ತಲೆನೋವು ಬಿಡುತ್ತಿಲ್ಲ ಎಂದು ಬರೆದಿದ್ದೆಯಲ್ಲ. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ನಿನ್ನ ಗಂಡ ಸಮಾಧಾನ ಹೇಳಿದನಂತೆ. ಲಿಫ್ಟ್ ರಿಪೇರಿಯವನಿಗೆ ಎಷ್ಟೆಲ್ಲ ಗೊತ್ತು ನೋಡು! ಅವನಣ್ಣ, ಅಂದರೆ ನನ್ನ ಯಜಮಾನರು, ಕ್ಷೇಮ. ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಕಟ್ಟಿಕೊಂಡರೆ ಜಗಳವೇ ಇರುವುದಿಲ್ಲ ಎನ್ನುತ್ತಿದ್ದಳು ಅಮ್ಮ, ಪಾಪ.

ಬೆಳಗಿನಿಂದ ಹದಿನಾಲ್ಕು ಗಾಜು ಉಜ್ಜಿ ಈಗ ಊಟದ ಬಿಡುವಿನಲ್ಲಿ ಕೂತಿದ್ದೇನೆ. ನನ್ನ ಮೂರನೆಯದೂ ಆರು ತಿಂಗಳಿಗೇ ಹೋದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ನನ್ನದೂ ಯಜಮಾನರದೂ ರಕ್ತ ತೆಗೆದಿದ್ದರಲ್ಲ, ಅದರ ಫಲಿತಾಂಶ ಬಂದಿದೆ. ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಗು ಅರ್ಧ ತಾಯಿಯದು, ಅರ್ಧ ಅಪ್ಪನದು. ಆ ಅಪ್ಪನ ಅರ್ಧ ತಾಯಿಯ ಮೈಗೆ ಹೊರಗಿನದು. ನ್ಯಾಯವಾಗಿ ಅದನ್ನು ರೋಗದ ಹಾಗೆ ಓಡಿಸಬೇಕು. ಆದರೆ ಗರ್ಭದಲ್ಲಿ ಕಾವಲು ಕಣಗಳಿವೆಯಂತೆ. ಅವು ಅಪ್ಪನ ಗುರುತನ್ನು ತಡವಿ ನೋಡಿ, ಇರಲಿ ಬಿಡು ಎಂದು ಒಪ್ಪಿ, ಮಗುವಿಗೆ ರಕ್ತ ಹೋಗುವ ನಾಳಗಳನ್ನು ಅಗಲ ಮಾಡಿಕೊಡಬೇಕು. ನನ್ನ ವಂಶವಾಹಿಗಳು ಕೊಟ್ಟಿರುವ ಕಾವಲು, ಯಜಮಾನರಿಂದ ಮಗುವಿಗೆ ಬಂದ ಗುರುತು ಕಂಡರೆ ಕೈಕಟ್ಟಿ ಕೂತುಬಿಡುತ್ತದೆ. ನಾಳ ಕಿರಿದಾಗಿಯೇ ಉಳಿದು ಮಗು ಸೊರಗುತ್ತದೆ, ತಾಯಿಯ ಬಿಪಿ ಏರುತ್ತದೆ. ಮೂರು ಸಲವೂ ಹೀಗೇ ಆಗಿರಬೇಕು ಎಂದರು. ನನ್ನದಷ್ಟೇ ಆಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ, ಅವರದಷ್ಟೇ ಆಗಿದ್ದರೂ ಇಲ್ಲ.

ಅಲ್ಲಿಗೆ ನೀನು ಅವತ್ತು ಹೇಳಿದ್ದು ತಪ್ಪು ಕಣೇ. ಸೋದರತ್ತೆಯ ಮೊಮ್ಮಗುವನ್ನು ನಾನು ಎತ್ತಿಕೊಂಡಿದ್ದಾಗ ಕಿತ್ತುಕೊಂಡು, "ಅಕ್ಕನ ಕೈಗೆ ಕೊಡ್ಬೇಡ್ರಪ್ಪಾ, ಅವಳ ಹೊಟ್ಟೆ ಮಕ್ಕಳನ್ನ ನುಂಗುತ್ತೆ" ಅಂದೆಯಲ್ಲ. ಎಲ್ಲರೂ ನಕ್ಕರು. ಅಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನ್ನ ಹೊಟ್ಟೆ ಯಾರನ್ನೂ ನುಂಗಲಿಲ್ಲ. ಉಪವಾಸ ಕೆಡವಿತು, ಅಷ್ಟೆ. ಆಗ ನಾನೂ ನಕ್ಕಿದ್ದೆ, ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ. ನಿನ್ನ ಮೇಲೆ ನನಗೆಷ್ಟು ಸಿಟ್ಟು ಗೊತ್ತಾ? ನೀನು ಕಳಿಸಿದ ಹೊಟ್ಟೆಯ ಫೋಟೋದಿಂದಲೇ ಮೇಜಿನ ಮೇಲಿನ ಗಾಜಿನ ಪುಡಿ ಬಳಿದು ಎಸೆದೆ.

ನಿನ್ನ ಮನೆಯವನಿಗೆ ನಾನು ಕೇಳಿದೆನೆಂದು ಹೇಳು. ನಿನಗೂ ಹೊಟ್ಟೆಯಲ್ಲಿರುವುದಕ್ಕೂ ಒಳ್ಳೆಯದಾಗಲಿ ಎಂದು ಬರೆಯಬೇಕು, ಬರೆದಿದ್ದೇನೆ.

ನಿನ್ನ ಒಡಹುಟ್ಟು,
ಅಕ್ಕ

ಮ.ವಿ.: ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಇದರೊಳಗೇ ಮಡಚಿಟ್ಟಿದ್ದೇನೆ. ಅಕ್ಕತಂಗಿಯರಿಗೆ ಒಂದೇ ಬಗೆಯ ಕಾವಲು ಇರಬಹುದಂತೆ, ಅಣ್ಣತಮ್ಮಂದಿರಿಗೆ ಒಂದೇ ಗುರುತು. "ನಿಮ್ಮ ತಂಗಿಗೂ ತಿಳಿಸಿ, ಮೂರು ತಿಂಗಳು ತುಂಬ್ತಿದ್ದ ಹಾಗೇ ದಿನಾ ಒಂದು ಮಾತ್ರೆ ಶುರು ಮಾಡಿದ್ರೆ ಎಷ್ಟೋ ತಪ್ಪಿಸಬಹುದು" ಅಂದಿದ್ದರು. ಚೀಟಿಯ ಕೆಳಗೆ ತಾರೀಖಿದೆ ನೋಡು, ಆಗ ನಿನಗೆ ಎರಡು ತಿಂಗಳು. ಪ್ರತಿ ತಿಂಗಳೂ ಬರೆಯಲು ಕೂರುತ್ತಿದ್ದೆ, ಆ ನಗು ಕೇಳಿಸುತ್ತಿತ್ತು, ಎದ್ದುಬಿಡುತ್ತಿದ್ದೆ. ಈಗ ಮಾತ್ರೆಯ ಕಾಲ ಮುಗಿಯಿತು, ನಿನ್ನ ಊತ, ತಲೆನೋವು ಆ ಬಿಪಿಯದೇ ಇರಬೇಕು. ಇದು ಕೈಗೆ ಸಿಕ್ಕ ತಕ್ಷಣ ಆಸ್ಪತ್ರೆಗೆ ಹೋಗು. ಕಾಗದ ತಲುಪಲು ಐದು ದಿನ ಹಿಡಿಯುತ್ತದೆ. ಅಂಗಡಿಯಲ್ಲಿ ಫೋನೂ ಇದೆ.