ದೊರೆಯ ಸಿಟ್ಟು

೧೨ ಅಕ್ಟೋಬರ್ ೨೦೦೩, ಭಾನುವಾರ

ಊಟದ ಗಿರಾಕಿಗಳು ಕರಗಿದ ಮೇಲೆ ಹೋಟೆಲಿನ ಮಹಡಿಯಲ್ಲಿ ಮಾಮೂಲಿ ಕನ್ನಡ ಕ್ಲಾಸ್. ಜಾಗ ನನ್ನದು, ಕಾಫಿ ನನ್ನದು, ಪಾಠ ನೀಲಾ ಟೀಚರದ್ದು. ಗುಜರಾತಿನ ಈ ಗೋರ್ವಾದ ಕನ್ನಡ ಮಕ್ಕಳಿಗೆ ಇಷ್ಟೇ ಶಾಲೆ. ರಾಜ್ಯೋತ್ಸವಕ್ಕೆ ನನ್ನ ಮಗಳು ನಮಿತಾ ಕಥೆ ಓದಬೇಕು — ದೊರೆಯೊಬ್ಬ ತೋಟದ ಮಾಲಿಯನ್ನು ಗದರಿ ಓಡಿಸುವ ಕಥೆ. ಗುಜರಾತಿ ಲಿಪಿಯಲ್ಲಿ ಬರೆದುಕೊಂಡು ಓದಿದಳು. ಇಡ್ಲಿ, ವಡೆ, ಉಪ್ಪಿಟ್ಟು ಎಂದು ಬೋರ್ಡು ಓದಿದ ಹಾಗೆ.

"ಜನಾರ್ದನರೇ, ನಿಮ್ಮ ಬಾಯಲ್ಲಿ ಕಾಲು ಭಾಗ ಮಗಳಿಗೆ ಕೊಟ್ಟಿದ್ದರೆ ಸಾಕಿತ್ತು," ಎಂದರು ಟೀಚರ್. ಹೀಗೇ ಆದರೆ ಕಥೆಯನ್ನು ಕ್ಲಾಸಿನ ಇನ್ನೊಬ್ಬ ಹುಡುಗಿ ತೃಪ್ತಿಗೆ ಕೊಡುತ್ತಾರಂತೆ.

ಹೋದ ವರ್ಷ ಮೈಕ್ ಮುಂದೆ ಅತ್ತು ಇಳಿದವಳು. ಈ ಸಲವೂ ತಪ್ಪಿದರೆ ಮತ್ತೆ ಸ್ಟೇಜು ಹತ್ತುವುದಿಲ್ಲ.

೨೦ ಅಕ್ಟೋಬರ್

ನಾನೇ ದೊರೆಯಾಗಿ ಓದಿ ತೋರಿಸಿದೆ. ಉಹೂಂ.

"ಸಿಟ್ಟು ಎಲ್ಲಿಂದ ತರೋದು ಪಪ್ಪಾ?"

"ಎಲ್ಲಾದ್ರೂ ನೋಡಿರ್ತೀಯಲ್ಲ ಮಾರಾಯ್ತಿ, ಅದನ್ನೇ ತಾ."

ತಂದಳು. ಮೊದಲು ಮೆಲ್ಲಗೆ ನಗು — "ಬನ್ನಿ ಸ್ವಾಮಿ, ಬನ್ನಿ…" ಆಮೇಲೆ ಮೇಜಿಗೆ ಏಟು. ಕಾಫಿ ತಂದ ಹೆಂಡತಿ ಸರಸ್ವತಿ ಬಾಗಿಲಲ್ಲೇ ನಿಂತಳು.

ನನ್ನದೇ ಸಿಟ್ಟು. ನವರಾತ್ರಿಯಲ್ಲಿ, ಗಿರಾಕಿಗಳೆದುರು, ಗಲ್ಲಾದಿಂದ ಎದ್ದು ಸರಸ್ವತಿಯ ತಮ್ಮ, ನಮ್ಮಲ್ಲೇ ದೋಸೆ ಹುಯ್ಯುತ್ತಿದ್ದ ಅನಿಲನ ಮೇಲೆ ಕಾರಿದ್ದು. ಅವತ್ತು ದೋಸೆಕಲ್ಲು ಬಿಟ್ಟು ಹೋದವನು ಈ ಕಡೆ ತಲೆ ಹಾಕಿಲ್ಲ.

ಓದು ಮಾತ್ರ ಫಸ್ಟ್ ಕ್ಲಾಸ್. ಅದೇ ತೊಂದರೆ.

೩೧ ಅಕ್ಟೋಬರ್

ದೀಪಾವಳಿ ರಶ್. ಬರೆಯಲಿಲ್ಲ — ಅಥವಾ ಅದು ನೆಪ. "ಸ್ವಲ್ಪ ಬೇರೆ ಥರ ಓದು ಮಗಾ," ಎಂದು ನೋಡಿದೆ. ಮತ್ತೆ ಅದೇ ಬೋರ್ಡು ಓದಿದ ಹಾಗೆ.

"ನಂಗೆ ಬೇರೆ ಸಿಟ್ಟು ಗೊತ್ತಿಲ್ಲ ಪಪ್ಪಾ."

ಸರಸ್ವತಿ ಅನಿಲನನ್ನು ಕಾರ್ಯಕ್ರಮಕ್ಕೆ ಕರೆದಿದ್ದಾಳೆ. "ಯಾಕೆ, ನನ್ನ ತಮ್ಮ ಬರ್ಬಾರ್ದಾ?" ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ಗಲ್ಲಾದ ಚಿಲ್ಲರೆ ಎಣಿಸತೊಡಗಿದೆ.

೨ ನವೆಂಬರ್, ಭಾನುವಾರ ಸಂಜೆ ೬, ರಾಜ್ಯೋತ್ಸವದ ಹಾಲ್‌ನಲ್ಲಿ

ಅನಿಲ್ ಬಂದಿದ್ದಾನೆ. ಮೂರನೇ ಸಾಲು.

ಪರದೆಯ ಪಕ್ಕ ನಮಿತಾ ನನ್ನ ಅಂಗಿ ಜಗ್ಗಿದಳು. "ಮಾಮನಿಗೆ ಬೇಜಾರಾಗ್ತದಾ? ಸಣ್ಣಕ್ಕೆ ಓದ್ಲಾ?"

ಹೂಂ ಎನ್ನಬಹುದಿತ್ತು. ನನ್ನ ಮಾನ ಉಳಿಯುತ್ತಿತ್ತು. ಅವಳ ದನಿ ಹೋಗುತ್ತಿತ್ತು.

"ಬೇಡ. ಪೂರ್ತಿ ಓದು."

ಬಂದು ಅನಿಲನ ಪಕ್ಕದ ಖಾಲಿ ಕುರ್ಚಿಯಲ್ಲೇ ಕುಳಿತೆ. ಅವನು ತಿರುಗಲಿಲ್ಲ. ಡೈರಿ ತೆಗೆದೆ. ಬರೆಯುತ್ತಿದ್ದರೆ ತಲೆ ಎತ್ತಬೇಕಾಗಿಲ್ಲ…

"ಬನ್ನಿ ಸ್ವಾಮಿ, ಬನ್ನಿ…" ನಮಿತಾಳ ದನಿ ನಡುಗುತ್ತಿಲ್ಲ. ಜನ ನಗುತ್ತಿದ್ದಾರೆ. ಅನಿಲ್ ನಗುತ್ತಿಲ್ಲ.

ಏಟು ಬಿತ್ತು. ಸಭೆ ಗಪ್‌ಚುಪ್.

ಅನಿಲ್ ತಿರುಗಿದ. "ಭಾವ…"

ಬರೆದದ್ದು ಸಾಕು. ತಲೆ ಎತ್ತಿ ಅವನ ಮುಖ ನೋಡಿ ತಪ್ಪಾಯ್ತು ಎನ್ನಬೇಕು—