ಭಾಗಾಸುರನ ಸೇತುವೆ

ಜೂನ್ 16, ಸೋಮವಾರ

ಎಂಟನೆಯ ತರಗತಿಯ ಟೆಸ್ಟ್ ಪೇಪರ್ ತಿದ್ದಿ ಮುಗಿಸಿದೆ. ಕೆಂಪು ಪೆನ್ನೇ ಖಾಲಿ. ಭಿನ್ನರಾಶಿಯ ಭಾಗಾಕಾರದಲ್ಲಿ ಅರ್ಧ ಕ್ಲಾಸು ಮುಗ್ಗರಿಸಿದೆ. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು — ಇರುವುದೇ ಒಂದು ಸಾಲು. ಅದೂ ತಲೆಗೆ ಹತ್ತದಿದ್ದರೆ ದೇವರೇ ಗತಿ.

ಸಾಲದ್ದಕ್ಕೆ ಹೆಡ್‌ಮಿಸ್ ಹೊಸ ತಲೆನೋವು ತಂದಿದ್ದಾರೆ. ಮಕ್ಕಳು ಗಣಿತದ ಗೇಮ್ ಮಾಡುತ್ತಾರಂತೆ. ಓಪನ್ ಸೋರ್ಸ್ ಅಂತೆ. ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ಒಯ್ಯಬಹುದು, ತಿದ್ದಿ ಕಳಿಸಬಹುದು. ಬಾಗಿಲೇ ಇಲ್ಲದ ಮನೆ. ಅದಕ್ಕೆ ನಾನು ಮೇಲ್ವಿಚಾರಕ. ಕಂಪ್ಯೂಟರ್ ಮೇಷ್ಟ್ರಿಗೆ ಒಪ್ಪಿಸಿ ಎಂದೆ. ಅವರು ಮೊನ್ನೆ ಮೊನ್ನೆ ಸೇರಿದವರು, ಗಣಿತ ಎಂದರೆ ನೀವೇ ಎಂದರು. ಬೆಣ್ಣೆ ಹಚ್ಚುವುದರಲ್ಲಿ ಪಳಗಿದ ಕೈ.

ಜೂನ್ 25

ಲ್ಯಾಬಿಗೆ ಹೋಗಿದ್ದೆ. ಸಂತೆಯೇ ವಾಸಿ. ಎಂಟನೆಯ ತರಗತಿಯ ಒಬ್ಬ ಹುಡುಗಿ ಮುಂದಾಳು. ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲೇ. ಟೆಸ್ಟಿನಲ್ಲಿ ಹತ್ತಕ್ಕೆ ಮೂರು. ನನ್ನ ಕ್ಲಾಸಿನಲ್ಲಿ ತುಟಿ ಬಿಚ್ಚುವುದಿಲ್ಲ, ಇಲ್ಲಿ ಮಹಾರಾಣಿಯ ದರ್ಬಾರು.

ಇವರದೊಂದು ಕಾನೂನು. ಯಾರು ಏನೇ ಬರೆದರೂ ಗುಂಪಿನ ಇಬ್ಬರು ಓದಿ ಒಪ್ಪಬೇಕು, ಆಮೇಲೆಯೇ ಗೇಮಿಗೆ ಸೇರುವುದು. ಕಂಪ್ಯೂಟರ್ ಮೇಷ್ಟ್ರು ಬರೆದದ್ದನ್ನೂ ವಾಪಸ್ ಮಾಡಿದ್ದಾರೆ. ಆ ಮನುಷ್ಯ ಹಲ್ಲು ಕಿರಿದುಕೊಂಡು ಮತ್ತೆ ಬರೆದುಕೊಡುತ್ತಾನೆ. ಮಾನ ಮರ್ಯಾದೆ ಎಂಬುದೊಂದು ಬೇಡವೇ?

ಜುಲೈ 21

ಗೇಮ್ ತೋರಿಸಿದರು. ಒಂದು ಹೊಳೆ, ಒಂದು ಸೇತುವೆ, ಸೇತುವೆಗೆ ಅಡ್ಡ ಭಾಗಾಸುರ. ಲೆಕ್ಕ ಬಿಡಿಸಿದರೆ ದಾರಿ, ತಪ್ಪಿದರೆ ಬೈಗುಳ. “ತಲೇಲಿ ಏನ್ ತುಂಬ್ಕೊಂಡಿದೀಯ, ಜೇಡಿಮಣ್ಣಾ?” — ಕಂಪ್ಯೂಟರ್ ಗಡಗಡ ಅಂತು. ನಗು ಬಂತು. ಇಡೀ ಗೇಮಿನಲ್ಲಿ ಬುದ್ಧಿ ನೆಟ್ಟಗಿರುವವನು ಇವನೊಬ್ಬನೇ, ಡೈಲಾಗ್ ಭೇಷ್ ಎಂದೆ. ಮಕ್ಕಳೆಲ್ಲ ಕೀಬೋರ್ಡ್ ನೋಡುತ್ತ ಕುಳಿತರು.

ಮೂಲೆಯಲ್ಲಿ ಒಂದು ಬಟನ್. ‘ಯಾಕೆ ಸರ್?’ ಒತ್ತಿದೆ. ಅಸುರ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಮಾತೇ ಹೊರಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಲೆಕ್ಕ ಬಿಡಿಸದೆ ದಾಟುವುದು ಮೋಸ ಅಲ್ಲವೇ ಎಂದು ಕೇಳಿದೆ. ಮೆಣಸಿನಕಾಯಿ ನನ್ನ ಮುಖ ನೋಡದೆ ಹೇಳಿದಳು:

“ಅದೊಂದಕ್ಕೆ ಅವ್ನಿಗೆ ಉತ್ತರ ಗೊತ್ತಿಲ್ಲ ಸರ್.”

ಜುಲೈ 22, ಸಂಜೆ

ನಾನು ಒಳಗೆ ಕಾಲಿಟ್ಟೊಡನೆ ಸ್ಟಾಫ್ ರೂಮಿನ ನಗು ಗಪ್ ಅಂತು. ಯಾಕೆಂದು ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿಗೆ ಗೇಮ್ ತೋರಿಸಿದೆ. ಅಸುರನ ಹಣೆಯ ಮೇಲೆ ಎತ್ತಿಟ್ಟ ಕನ್ನಡಕ, ಕಿವಿಗೆ ಸಿಕ್ಕಿಸಿದ ಚಾಕ್‌ಪೀಸ್, ಆ ಜೇಡಿಮಣ್ಣು. ಇವಳು ಸೆರಗು ಬಾಯಿಗೊತ್ತಿಕೊಂಡಳು.

“ಮೊನ್ನೆ ನಲ್ಲಿ ರಿಪೇರಿಯವನಿಗೂ ಇದೇ ಅಂದ್ರಲ್ಲಾ... ಕನ್ನಡಿ ನೋಡ್ಕೊಳಿ ಒಂದ್ಸಲ.”

ಹಣೆ ಮುಟ್ಟಿಕೊಂಡೆ. ಕನ್ನಡಕ ಅಲ್ಲೇ ಇತ್ತು.

ಜುಲೈ 23

ಮೈಯೆಲ್ಲ ಉರಿ. ಅನ್ನ ಹಾಕಿದ ಮನೆಗೆ ಕನ್ನ ಹಾಕುವ ಜಾತಿ ಇವು. ಈಗಿಂದೀಗಲೇ ಅಳಿಸಿ ಎಂದೆ. ಕಂಪ್ಯೂಟರ್ ಮೇಷ್ಟ್ರು ತಲೆ ಕೆರೆದುಕೊಂಡ. ಇಲ್ಲಿ ಅಳಿಸಬಹುದು ಸರ್, ಆದರೆ ಬೇರೆ ಶಾಲೆಗಳವರು ಆಗಲೇ ಕಾಪಿ ಮಾಡಿಕೊಂಡಿದ್ದಾರೆ ಎಂದ. ಒಂದು ಶಾಲೆಯವರು ಅಸುರನಿಗೆ ಹೊಟ್ಟೆ ಬೇರೆ ಬೆಳೆಸಿದ್ದಾರಂತೆ. ನನ್ನ ಮುಖ ಕಾಣದವರೂ ನನ್ನನ್ನು ಬಟನ್ ಒತ್ತಿ ಬಾಯಿ ಮುಚ್ಚಿಸುತ್ತಿದ್ದಾರೆ.

ಹೆಡ್‌ಮಿಸ್ ಹತ್ತಿರ ಹೋದೆ. ಆಗಸ್ಟ್ ಎರಡನೇ ವಾರ ಪ್ರದರ್ಶನ. ಪಾಲಕರು, ಇಲಾಖೆಯವರು, ಎಲ್ಲರೂ ಬರುತ್ತಾರೆ. ಅವರೆದುರು ನಾನು ಬಾಯಿ ಕಳಕೊಂಡು ನಿಲ್ಲಬೇಕೇ? ಅವರು ತಣ್ಣಗೆ ಹೇಳಿದರು — ಅಸುರನಿಗೆ ಉತ್ತರ ಇಲ್ಲ ಎನ್ನುವುದು ತಾನೇ ತಕರಾರು? ಉತ್ತರ ನೀವೇ ಬರೆದು ಕಳಿಸಿ. ಇಬ್ಬರು ಒಪ್ಪಿದರೆ ಅಸುರನಿಗೂ ಮಾತು ಬರುತ್ತದೆ.

ಸರಿ. ಐದು ನಿಮಿಷದ ಕೆಲಸ.

ಜುಲೈ 24

ಕಳಿಸಿದೆ. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು, ಅದೇ ಸಾಲು. ವಾಪಸ್ ಬಂತು. ಕೆಳಗೆ ಮೆಣಸಿನಕಾಯಿಯ ಒಂದು ಸಾಲು: “ಇದು ಹೇಗೆ ಮಾಡಬೇಕು ಅಂತ ಸರ್. ಯಾಕೆ ಅಂತ ಇಲ್ಲ. ಮತ್ತೆ ಬರೆದು ಕಳಿಸಿ.”

ಮತ್ತೆ ಬರೆದು ಕಳಿಸಿ! ಅದು ನನ್ನ ಮಾತು. ಅವಳ ಪುಸ್ತಕದಲ್ಲಿ ನಾನೇ ಬರೆದದ್ದು.

ಜುಲೈ 28

ಎಕ್ಸ್, ವೈ ಹಾಕಿ ಪಕ್ಕಾ ಸಾಧನೆ ಬರೆದು ಕಳಿಸಿದೆ. ಯಾವ ಕಾಲೇಜಿನವನೂ ಬೆರಳು ಮಾಡಿ ತೋರಿಸಲಾರ. ವಾಪಸ್. “ಆರನೇ ಕ್ಲಾಸಿನವರಿಗೆ ಓದಿ ಹೇಳಿದ್ವಿ. ಯಾರಿಗೂ ಅರ್ಥ ಆಗಲಿಲ್ಲ.”

ಆರನೇ ಕ್ಲಾಸಿನವರು ನನ್ನ ಪೇಪರ್ ತಿದ್ದುತ್ತಾರೆ ಈಗ.

ಆಗಸ್ಟ್ 5

ಇವತ್ತು ಕ್ಲಾಸಿನಲ್ಲಿ ಬೇಕೆಂದೇ ಮೆಣಸಿನಕಾಯಿಯನ್ನು ಎಬ್ಬಿಸಿ ನಿಲ್ಲಿಸಿದೆ. ಮೂರನೇ ಎರಡನ್ನು ಮುಕ್ಕಾಲಿನಿಂದ ಭಾಗಿಸು. ಬೋರ್ಡಿನ ಮೇಲೆ ತಲೆಕೆಳಗು ಮಾಡಿದಳು, ಗುಣಿಸಿದಳು, ಒಂಬತ್ತನೇ ಎಂಟು. ಸರಿ ಉತ್ತರ. ನನಗೆ ಅದೂ ಹಿಡಿಸಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದಿದ್ದೀಯ ಎಂದೆ.

“ಹೌದು ಸರ್. ತಲೆಕೆಳಗು ಮಾಡೋದು ಯಾಕೆ ಸರ್?”

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಪಾರಾಗುತ್ತಿದ್ದೆ. ಇಡೀ ಕ್ಲಾಸು ಪೆನ್ನು ಹಿಡಿದು ಕಾಯುತ್ತಿತ್ತು, ಬರೆದುಕೊಳ್ಳಲು. ನನ್ನ ಬಾಯಿ ತೆರೆಯಿತು. ಮುಚ್ಚಿತು. ಬೆಲ್ ಹೊಡೆಯಿತು, ಪುಣ್ಯಕ್ಕೆ.

ಆಗಸ್ಟ್ 10, ಭಾನುವಾರ

ಪ್ರದರ್ಶನ ನಾಳೆ. ಆ ಹುಡುಗಿಯನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಅವಳೇನೂ ಉತ್ತರ ಗೊತ್ತಿದ್ದು ಕೇಳಿದವಳಲ್ಲ, ಅದು ಇನ್ನೂ ಉರಿ.

ಬೆಳಗಿನಿಂದ ಅಡುಗೆಮನೆಯಲ್ಲಿ ಲೋಟ, ಪಾತ್ರೆ, ನೀರು. ಅರ್ಧ ಪಾತ್ರೆ ನೀರಿನಲ್ಲಿ ಕಾಲು ಪಾತ್ರೆಯ ಲೋಟ ಎಷ್ಟು ಸಲ ತುಂಬುತ್ತದೆ? ಎರಡು. ಇಷ್ಟು ನನಗೂ ಬರುತ್ತದೆ, ಅಸುರನಿಗೂ ಬರುತ್ತದೆ. ಮೂರನೇ ಎರಡು ಪಾತ್ರೆ ನೀರಿಗೆ ಮುಕ್ಕಾಲು ಪಾತ್ರೆಯ ಲೋಟ ಇಟ್ಟರೆ ಒಂದು ಸಲವೂ ತುಂಬುವುದಿಲ್ಲ. ಅಲ್ಲೇ ಸಿಕ್ಕಿಬೀಳುತ್ತೇನೆ. ಒಲೆಯ ಮುಂದೆ ಇವಳು ತಾಳ್ಮೆಯಿಂದ ನಿಂತಿದ್ದಾಳೆ, ಲೋಟ ಯಾವಾಗ ಕೊಡುತ್ತೀರಿ ಎಂದು.

ತಲೆಯಲ್ಲಿ ಏನು ತುಂಬಿಕೊಂಡಿದ್ದೇನೆ ಇಷ್ಟು ವರ್ಷ.

ಇರಲಿ. ಬರೆಯುತ್ತೇನೆ. ಎಕ್ಸ್ ಇಲ್ಲದೆ, ವೈ ಇಲ್ಲದೆ, ಆರನೇ ಕ್ಲಾಸಿನವರಿಗೂ ಆಗುವ ಹಾಗೆ.

ಭಿನ್ನರಾಶಿಯಿಂದ ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುತ್ತೇವೆ, ಯಾಕೆಂದರೆ