ಕಸ ಗುಡಿಸುವಾಗ ವರ್ತಕಿ, ಮಳಿಗೆ ಕೇಳುವಾಗ ಇತರೆ

ಮಾರುಕಟ್ಟೆ ಪರವಾನಗಿ ಅಧಿಕಾರಿಗಳೇ,

ನಮ್ಮ ಅತ್ತೆ ವರ್ತಕಿ ಅಲ್ಲ ಎಂದು ತಾವು ಬರೆದು ಕಳಿಸಿದ ಪತ್ರ ತಲುಪಿದೆ. ಹೊಸ ಕಟ್ಟಡದ ಮಳಿಗೆಗಳು ವರ್ತಕರಿಗೆ ಮಾತ್ರವಂತೆ. ಅತ್ತೆಯ ಹೆಸರು "ಇತರೆ" ಎಂಬ ಪಟ್ಟಿಯಲ್ಲಿದೆಯಂತೆ. ಸೋಮವಾರದಿಂದ ಬೀದಿಯಲ್ಲೂ ಗಾಡಿ ನಿಲ್ಲಿಸುವಂತಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ ಎಂದರೆ ಅವರು ಎಲ್ಲಿ ನಿಲ್ಲಬೇಕು, ಸ್ವಾಮಿ?

ಮೂವತ್ತೊಂದು ವರ್ಷದಿಂದ ಅತ್ತೆ ತಳ್ಳುಗಾಡಿಯಲ್ಲಿ ಗುಂಡಿ, ದಾರ, ಸೂಜಿ, ಲಾಡಿ ಮಾರುತ್ತಿದ್ದಾರೆ. ಗುಂಡಿ ಕಳೆದುಕೊಂಡವರು ಅಂಗಿಯನ್ನೇ ತಂದು ಗಾಡಿಯ ಮೇಲೆ ಹರವುತ್ತಾರೆ. ಅತ್ತೆ ಉಳಿದ ಗುಂಡಿಗಳನ್ನು ಹೆಬ್ಬೆರಳಲ್ಲಿ ಸವರಿ, ಅಷ್ಟೊಂದು ಡಬ್ಬಿಗಳ ನಡುವೆ ಸರಿಯಾದದ್ದಕ್ಕೇ ಕೈ ಹಾಕುತ್ತಾರೆ. ಜೋಡಿ ಸಿಗದಿದ್ದರೆ ಮಾರುವುದಿಲ್ಲ. "ಹೆಚ್ಚೂಕಮ್ಮಿ ಹಾಗೇ ಇರೋದು ಕೊಡಿ ಅಜ್ಜಿ, ನಡೆಯತ್ತೆ" ಎಂದರೆ, "ನಿಮಗೆ ನಡೆಯತ್ತೆ, ನನಗೆ ನಡೆಯಲ್ಲ" ಎನ್ನುತ್ತಾರೆ. ಬಟ್ಟೆ ಹೊಲಿದು ಬದುಕುವ ನಾನು ಈ ಹಟಕ್ಕೆ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ! ಇದು ವ್ಯಾಪಾರವಲ್ಲದಿದ್ದರೆ ಮತ್ತೇನು, ಕಾಲಹರಣವೇ?

ಮಳಿಗೆಗೆ ಅರ್ಜಿ ಕೊಡಲು ಬಂದಿದ್ದಾಗ ತಮ್ಮ ಗುಮಾಸ್ತರು ನನಗೆ ಅರ್ಥ ಬಿಡಿಸಿ ಹೇಳಿದರು: "ನೋಡಮ್ಮ, ವರ್ತಕ ಅಂದ್ರೆ ಅಂಗಡಿ ಇರೋನು. ಅಂಗಡಿ ಅಂದ್ಮೇಲೆ ಬಾಗಿಲಿರಬೇಕು." ನಾನೊಬ್ಬಳು ಪೆದ್ದಿ, ಮನೆಗೆ ಹೋಗಿ ಅದನ್ನು ಹಾಗೇ ಒಪ್ಪಿಸಿದೆ. ಅತ್ತೆ ಮರುದಿನವೇ ಗುಜರಿಯಿಂದ ಹಳೆಯ ಬಾಗಿಲೊಂದನ್ನು ಹೊರಿಸಿಕೊಂಡು ಬಂದು, ಚೌಕಟ್ಟಿನ ಸಮೇತ ಗಾಡಿಯ ಮುಂದೆ ನಿಲ್ಲಿಸಿದರು. ಕೀಲುಗಳಿಗೆ ಎಣ್ಣೆಯನ್ನೂ ಬಿಟ್ಟರು. ಗಿರಾಕಿಗಳು ನಗುತ್ತಲೇ ಬಾಗಿಲು ತೆರೆದು ಬಂದು ದಾರ ಕೊಂಡರು. ತಪಾಸಣೆಗೆ ಬಂದ ತಮ್ಮ ಇನ್‌ಸ್ಪೆಕ್ಟರು ಕೂಡ ಬಾಗಿಲು ತೆರೆದುಕೊಂಡೇ ಒಳಗೆ ಬಂದರು! ಬಂದವರು, ದಾರಿಗೆ ಅಡ್ಡ ಎಂದು ಅದನ್ನು ಜಪ್ತಿ ಮಾಡಿಸಿದರು. ಪಕ್ಕದಲ್ಲಿ ಓಡಾಡಲು ಜಾಗ ಧಾರಾಳವಾಗಿತ್ತು.

ಇನ್ನೊಂದು ಮಾತು. ಕಳೆದ ತಿಂಗಳು ಗೋಡೆಗೆ ನೋಟಿಸು ಅಂಟಿಸಿದವರು ತಾವೇ ಅಲ್ಲವೇ? "ವರ್ತಕರು ತಂತಮ್ಮ ಮುಂದಿನ ಕಸವನ್ನು ತಾವೇ ಗುಡಿಸತಕ್ಕದ್ದು." ಕಾವಲುಗಾರ ಅದನ್ನು ಅತ್ತೆಗೆ ಓದಿ ಹೇಳಿ, ಕೈಗೆ ಪೊರಕೆ ಕೊಟ್ಟ. ಅವತ್ತು ಬಾಗಿಲೆಲ್ಲಿ ಎಂದು ಯಾರೂ ಕೇಳಲಿಲ್ಲ. ಸಂಜೆ ಸೊಂಟ ಹಿಡಿದುಕೊಂಡು ಬಂದ ಅತ್ತೆಯ ಮುಖ ಮಾತ್ರ ಅರಳಿತ್ತು. "ಕೇಳಿದ್ಯೇನೇ, ನೋಟಿಸಲ್ಲಿ ನಮ್ಮನ್ನ ವರ್ತಕರು ಅಂತ ಬರೆದಿದ್ದಾರೆ!"

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಅವರನ್ನು ವರ್ತಕಿ ಎಂದು ಬರೆದುಕೊಂಡು, ಗಾಡಿ ಹಿಡಿಸುವಷ್ಟು ಜಾಗ ಕೊಡಿ. ಆಗುವುದಿಲ್ಲವೆಂದಾದರೆ ಆ ಮಾತನ್ನು ತಾವೇ ಬಂದು ಅವರಿಗೆ ಹೇಳಿ. ಅವರಿಗೆ ಓದಲು ಬರುವುದಿಲ್ಲ. ಪತ್ರದಲ್ಲಿ ಏನಿದೆ ಎಂದು ಮೂರು ದಿನದಿಂದ ನನ್ನನ್ನು ಕೇಳುತ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಹೊಸ ಮಳಿಗೆಗೆಂದು ಡಬ್ಬಿಗಳನ್ನೆಲ್ಲ ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.

ಇಂತಿ,
ತಮ್ಮ ಪತ್ರವನ್ನು ಹೊಲಿಗೆಯಂತ್ರದ ಖಾನೆಯಲ್ಲಿ ಬಚ್ಚಿಟ್ಟುಕೊಂಡಿರುವ ಸೊಸೆ